ಹಡಗಲಿ ಮುಟ್ಟಿದ ಕ್ಲಚ್ ಪ್ಲೇಟು

ನನ್ನ ಕಾರಿನ ಡಿಕ್ಕಿಯಲ್ಲಿ ಇಲ್ಲದ ವಸ್ತುವಿರಲಿಲ್ಲ. ಟ್ಯೂಬು, ಫ್ಯಾನ್ ಬೆಲ್ಟು, ಹಗ್ಗ, ನೀರಿನ ಕ್ಯಾನು, ಗಾಯಕ್ಕೆ ಹತ್ತಿ, ಮೇಣದಬತ್ತಿ, ಆ ಮೇಣದಬತ್ತಿ ಒದ್ದೆಯಾದೀತೆಂದು ಅದಕ್ಕೊಂದು ಪ್ಲಾಸ್ಟಿಕ್ ಚೀಲ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೊರಟರೂ ದಂಡಯಾತ್ರೆಗೆ ಹೊರಟವನ ತಯಾರಿ. ಇಷ್ಟೆಲ್ಲ ಚಿಂತೆ ಮಾಡುವ ನಾನು ಚಿಂತೆ ಮಾಡದೆ ಬಿಟ್ಟಿದ್ದ ಭಾಗ ಒಂದೇ, ಕ್ಲಚ್ ಪ್ಲೇಟು. ಕೆಟ್ಟದ್ದೂ ಅದೇ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಹಡಗಲಿಯಲ್ಲಿದ್ದ ನನ್ನ ಸೋದರಮಾವ, ಅವ್ವನ ಒಬ್ಬನೇ ತಮ್ಮ, ತೀರಿಕೊಂಡ ಸುದ್ದಿ ಬೆಳಿಗ್ಗೆ ಬಂತು. ಅವ್ವ ಅದಕ್ಕೂ ಕೆಲ ದಿನ ಮುಂಚೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಮಡಚಲು ಬಾರದ ಆ ಕಾಲು ಯಾವ ಬಸ್ಸಿನ ಸೀಟಿಗೂ ಹಿಡಿಸುವಂತಿರಲಿಲ್ಲ. ಕಾರಿನ ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿದೆ. ಮಡಿಲಲ್ಲಿ ತಮ್ಮನಿಗೆ ಹೊದಿಸಲು ಒಂದು ಹೊಸ ಶಾಲು.

"ಮಣ್ಣು ಮಾಡೋದು ಸಂಜಿಮುಂದ ಅಂತ. ವಿಭೂತಿ ಹಚ್ಚಿ ಕೂಡಿಸ್ಯಾರಂತ. ಮಕ ಒಂದು ನೋಡಿದ್ರ ಸಾಕಪ್ಪ," ಎಂದಳು.

ಕೊಟ್ಟೂರು ಇನ್ನೇನು ಬಂತು ಎನ್ನುವಾಗ, ಒಂದು ಸಣ್ಣ ಏರಿನಲ್ಲಿ ಎಂಜಿನ್ ಕೂಗಿಕೊಂಡಿತು. ಕಾರು ಮಾತ್ರ ಏರಲಿಲ್ಲ. ಒತ್ತಿದಷ್ಟೂ ಕೂಗು. ಎಂಜಿನ್ನಿನ ಗೋಳು ಚಕ್ರಕ್ಕೆ ಕೇಳಿಸಲೇ ಇಲ್ಲ. ಸುಟ್ಟ ನಾರಿನ ವಾಸನೆ ಒಳಗೆಲ್ಲ ತುಂಬಿತು. ಹಿಂದೆ ಬಂದ ಟ್ರ್ಯಾಕ್ಟರಿಗೆ ನನ್ನ ಹಗ್ಗವನ್ನೇ ಕಟ್ಟಿ ಊರೊಳಗಿನ ಗ್ಯಾರೇಜಿನವರೆಗೆ ಎಳೆಸಿಕೊಂಡೆ. ಕೊನೆಗೂ ಹಗ್ಗ ಉಪಯೋಗಕ್ಕೆ ಬಂತಲ್ಲ ಎಂದು ಅಂಥ ಹೊತ್ತಿನಲ್ಲೂ ಒಂದು ಗಳಿಗೆ ಹೆಮ್ಮೆಯಾಯಿತು. ಮನುಷ್ಯ ಎಷ್ಟು ಸಣ್ಣವ ನೋಡಿ.

ಮಿಸ್ತ್ರಿ ಕಾರಿನಡಿ ನುಸುಳಿ ಹೊರಬಂದ. "ಪ್ಲೇಟು ಸವದು ಹಪ್ಪಳ ಆಗೇತ್ರಿ. ಗೇರ್ ಬಾಕ್ಸ್ ಇಳಸ್ಬೇಕು."

"ಸಂಜಿಗೆ ಹಡಗಲಿ ಮುಟ್ಟಬೇಕಲ್ಲಪ್ಪ."

"ಇಳಸೋದು, ಏರಸೋದು ನನ್ನ ಕೈಯಾಗೈತಿ. ಪ್ಲೇಟು ಊರಾಗ ಸಿಗಂಗಿಲ್ಲ. ಹರಪನಹಳ್ಳಿಗೆ ಫೋನ್ ಹಚ್ರಿ, ಬಸ್ಸಿಗೆ ಹಾಕ್ತಾರ."

ಆಗ ನಮ್ಮ ಕಡೆ ಬಿಡಿಭಾಗಗಳೆಲ್ಲ ಹಾಗೆಯೇ ಓಡಾಡುತ್ತಿದ್ದವು. ಅಂಗಡಿಯವರು ಕಂಡಕ್ಟರನ ಕೈಗೆ ಕೊಡುವುದು, ನಾವು ಬಸ್ ಸ್ಟ್ಯಾಂಡಿನಲ್ಲಿ ಕಾದು ಇಸಿದುಕೊಳ್ಳುವುದು. ಪಕ್ಕದ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಕಾರು ಯಾವುದು, ಪ್ಲೇಟು ಎಂಥದು ಎಂದು ಹೇಳಿ ಸುಮ್ಮನಾದರೆ ಮುಗಿಯುತ್ತಿತ್ತು. ಆದರೆ ಒಂದಕ್ಕೆ ನಾಲ್ಕು ಮಾತು ಸೇರಿಸದಿದ್ದರೆ ಕೆಲಸ ಕೆಡುತ್ತದೆಂದು ನನಗೆ ಭಯ. ಹಡಗಲಿಯಲ್ಲಿ ಮಾವನ ಮಣ್ಣಿದೆ, ಮಾವ ಇಂಥವರ ಮನೆತನ, ಮಾವನ ಹೆಂಡತಿಯ ಕಡೆಯವರು ನಿಮ್ಮ ಹರಪನಹಳ್ಳಿಯವರೇ, ಅವ್ವನ ಕಾಲು ಮುರಿದಿದೆ, ಎಲ್ಲ ಒಪ್ಪಿಸಿದೆ.

"ಆತ್ ಬಿಡ್ರಿ, ಈಗಿಂದೀಗ ಕಳಸ್ತೀನಿ," ಎಂದರು ಅಂಗಡಿಯವರು.

ಗೇರ್ ಬಾಕ್ಸ್ ಇಳಿಸಬೇಕೆಂದು ಅವ್ವನನ್ನು ಎತ್ತಿ ಬೇವಿನ ಮರದಡಿ ಹೊರಸಿನ ಮೇಲೆ ಕೂಡಿಸಿದೆವು.

"ಏನವ್ವಾರ, ನಿಮಗೂ ಕಾಲಿಲ್ಲ, ನಿಮ್ಮ ಗಾಡಿಗೂ ಕಾಲಿಲ್ಲ!" ಮಿಸ್ತ್ರಿ ನಗಿಸಲು ನೋಡಿದ.

"ನಂದು ಹೆಂಗರ ಇರಲಿ, ಅದರದ್ದು ಲಗೂನ ಕೂಡ್ಸಪ್ಪ," ಎಂದಳು ಅವ್ವ. ಶಾಲು ಕೆಳಗಿಡಲಿಲ್ಲ.

ಬೇರೆ ಗಾಡಿಗೂ ಓಡಾಡಿದೆ. ಅವತ್ತು ಲಗ್ನದ ಮುಹೂರ್ತ. ಊರಿನ ಬಾಡಿಗೆ ಕಾರುಗಳೆಲ್ಲ ಬೀಗರನ್ನು ತುಂಬಿಕೊಂಡು ಹೋಗಿದ್ದವು. ಬಂದದ್ದೊಂದು ಟ್ರ್ಯಾಕ್ಸು, ಅದರ ತುಂಬ ಮಂದಿ, ತುದಿಯಲ್ಲೂ ಜೋತಾಡುವ ಮಂದಿ. ಹೇಗಿದ್ದರೂ ಪ್ಲೇಟು ದಾರಿಯಲ್ಲಿದೆ ಎಂಬ ಒಂದು ಮಾತು ನಮ್ಮನ್ನು ಅಲ್ಲೇ ಕೂರಿಸಿತು.

ಬಸ್ಸು ಬಂತು. "ನನ್ನ ಕೈಯಾಗ ಯಾರೂ ಏನೂ ಕೊಟ್ಟಿಲ್ರಿ," ಎಂದ ಕಂಡಕ್ಟರ್. ಮುಂದಿನದಕ್ಕೆ ಬರಬಹುದೆಂದು ಕಾದೆ. ಅದರಲ್ಲೂ ಇಲ್ಲ. ಮತ್ತೆ ಫೋನು.

"ಅಯ್ಯ, ಆಗಲೇ ಕಳಸೀನಲ್ರಿ!" ಅಂಗಡಿಯವರ ದನಿಯಲ್ಲಿ ಸಂತೋಷವಿತ್ತು. "ಬಸ್ ಸ್ಟ್ಯಾಂಡಿಗೆ ಹೋದ್ರ ನಿಮ್ಮ ಮಾವನ ಬೀಗರೇ ನಿಂತಿದ್ರು. ಅದೇ ಮಣ್ಣಿಗೆ ಹೊಂಟಿದ್ರು. ಕಂಡಕ್ಟರ್ ಕೈಯಾಗ ಯಾಕ ಕೊಡ್ತೀರಿ, ನಮ್ಮೋರ ಸಾಮಾನು, ನಾವ ಜ್ವಾಕಿ ಮುಟ್ಟಸ್ತೀವಿ ಅಂದ್ರು. ಮನಿ ಮಂದಿ ಅಂತ ಕೊಟ್ಟೆ."

"ಅವರ ಹಡಗಲಿ ಬಸ್ಸು ಕೊಟ್ಟೂರು ಮ್ಯಾಲ ಹಾಯಂಗಿಲ್ಲಲ್ರಿ! ಇನ್ನೊಂದು ಐತೇನ್ರಿ?"

"ಇದ್ದದ್ದು ಅದೊಂದ ಅಲ್ರಿ."

ಹಗರಿಬೊಮ್ಮನಹಳ್ಳಿಗೂ ಹಚ್ಚಿ ನೋಡಿದೆ, ಅಲ್ಲೂ ಇರಲಿಲ್ಲ. ಕೊನೆಗೆ ಹಡಗಲಿಯಲ್ಲಿ ಮಾವನ ಮನೆಯೆದುರಿನ ಕಿರಾಣಿ ಅಂಗಡಿಗೆ ಫೋನು ಮಾಡಿ, ಮಾವನ ಮಗನನ್ನು ಕರೆಸಿದೆ.

"ಪ್ಲೇಟು ಬಂದೈತಿ, ನೀವ ಬಂದಿಲ್ಲ," ಎಂದ. ಅಳುತ್ತಿದ್ದ. "ಬೀಗರು ನೀವು ಇಲ್ಲೇ ಹಡಗಲಿ ಸನೇಕ ಕೆಟ್ಟು ನಿಂತೀರಿ ಅಂತ ತಿಳಕೊಂಡಾರ. ಈಗ ಜೀಪು ಕಳಸಿದ್ರೂ ಅದು ಬಂದು ತಿರುಗಿ ಬರೋದ್ರಾಗ ಕತ್ತಲಾಗ್ತೈತಿ. ನಾಳಿಗೆ ಇಡೂನು ಅಂದ್ರ ಈ ಬಿಸಲಿಗೆ... ಹಿರೇರು ಒಪ್ಪವಲ್ರು. ಅತ್ತಿನ್ನ ಒಂದು ಮಾತು ಕೇಳು."

ಬೂತಿನಿಂದ ಬೇವಿನ ಮರಕ್ಕೆ ಹತ್ತು ಹೆಜ್ಜೆಯೂ ಇರಲಿಲ್ಲ. ಹೋದೆ. ಹೇಳಿದೆ. ಅವ್ವ ಇಳಿಸಿಟ್ಟ ಗೇರ್ ಬಾಕ್ಸಿನ ಕಡೆ ನೋಡಿದಳು.

"ಅವಂಗ ಸಣ್ಣಾವಿದ್ದಾಗಿಂದ ಶೆಕಿ ತಡಕೊಳ್ಳಾಕ ಆಗ್ತಿದ್ದಿಲ್ಲ. ಕಾಯಬ್ಯಾಡ್ರಿ ಅನ್ನು."

ಮಣ್ಣು ಮುಗಿಸಿ, ಕತ್ತಲಾದ ಮೇಲೆ ಜೀಪಿನಲ್ಲಿ ಹರಪನಹಳ್ಳಿಯ ಹಿರಿಯ ಬೀಗರು ಪ್ಲೇಟು ತಂದರು. ಉಗುರಲ್ಲಿ ಇನ್ನೂ ಮಣ್ಣಿತ್ತು. "ಏನೂ ಆಗಿಲ್ರಿ, ನೋಡಿ ತಗೊಳ್ರಿ. ಗದ್ದಲದಾಗ ಕಳೀಬಾರದಂತ ನಿಮ್ಮ ತಮ್ಮನ ಬಗಲಾಗ ಇಟ್ಟಿದ್ವಿ." ಪ್ಲೇಟಿನ ರಟ್ಟಿನ ಡಬ್ಬಿಯನ್ನು ಅವ್ವನ ಮುಂದೆ ಹಿಡಿದರು.

"ಕಡೀತನಕ ಅಲ್ಲೇ ಇತ್ತಾ?" ಅವ್ವ ಕೇಳಿದಳು.

"ಎತ್ತೋತನಕ ಅಲ್ಲೇ ಇತ್ರಿ."

"ಮಕ?"

"ಕ್ಷೌರ ಮಾಡ್ಸಿದ್ವಿ. ಮೀಸಿ ಹಂಗ ಬಿಟ್ವಿ."

"ಛಲೋ ಮಾಡಿದ್ರಿ. ಮೀಸಿ ಮ್ಯಾಲ ಭಾಳ ಜೀವ ಅವಂದು."

ಮಿಸ್ತ್ರಿ ಪ್ಲೇಟು ಕೂಡಿಸಿ, ಗೇರ್ ಬಾಕ್ಸ್ ಏರಿಸಿದ. ಖಾಲಿ ಡಬ್ಬಿ ಎಸೆಯಲು ಹೋದಾಗ ಅವ್ವ ಕೈ ಚಾಚಿದಳು. ರಟ್ಟಿನ ಮೇಲೆ ವಿಭೂತಿಯ ಬೆರಳಚ್ಚು ಮೂಡಿತ್ತು.

"ಹಡಗಲಿಗೆ ಹೋಗೂನೇನವ್ವ?"

"ಈಗ ಹೋಗಿ ಯಾರ ಮಕ ನೋಡ್ಲಿ? ಮನಿ ಕಡಿ ತಿರುವು."

ಪೆಡಲು ಬೆಣ್ಣೆಯಾಗಿತ್ತು. ಬೆಳಿಗ್ಗೆ ಕೂಗಿ ನಿಂತ ಏರಿನ ಮೇಲಿಂದಲೇ ಕಾರು ಸದ್ದಿಲ್ಲದೆ ಇಳಿಯಿತು. ಕಾರು ಕೊಂಡಾಗಿನಿಂದ ಅಷ್ಟು ಚೆನ್ನಾಗಿ ಓಡಿದ್ದಿಲ್ಲ. ಹಿಂದಿನ ಸೀಟಿನಲ್ಲಿ ಅವ್ವ ಶಾಲನ್ನು ಆ ಡಬ್ಬಿಯೊಳಗೆ ಹಿಡಿಸಲು ನೋಡುತ್ತಿದ್ದಳು. ಶಾಲು ದೊಡ್ಡದು, ಮುಚ್ಚಳ ಕೂಡುತ್ತಿರಲಿಲ್ಲ. ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಕೂಡ್ಲಿಗಿ ಬರುವವರೆಗೂ ರಟ್ಟಿನ ಸದ್ದು ಕೇಳುತ್ತಲೇ ಇತ್ತು.