ವಾಟಗ ಕಡೆಯ ಸಾಲಿಗೆ ಬಂದಾಗ

ಮೊದಲೇ ಹೇಳಿಬಿಡುತ್ತೇನೆ, ನನ್ನದು ಸಮಾಧಾನದ ಸ್ವಭಾವ ಅಲ್ಲ. ಇಂಡಿ, ಮುದ್ದೇಬಿಹಾಳ, ಕಡೆಗೆ ಸಿಂದಗಿ ಎಂದು ಊರೂರು ವರ್ಗವಾಗುತ್ತ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಕಲಿಸಿದವಳು ನಾನು. ಎದುರಿಗೆ ಅರವತ್ತು ಮಕ್ಕಳಿರಲಿ, ಒಬ್ಬನೇ ಗಂಡನಿರಲಿ, ದನಿ ಒಂದೇ. "ನಿನ್ನ ಬಾಯಿ ಬೊಂಬಾಯಿ" ಎಂದು ನಮ್ಮ ಯಜಮಾನರು ನಗುತ್ತಾರೆ. ಇಂಥ ಬಾಯಿಯವಳು ಒಂಬತ್ತು ವರ್ಷ ಒಂದು ಸಂಗತಿಯನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಅದನ್ನು ಬರೆದುಬಿಡೋಣ ಎಂದು ಈಗ ಕುಳಿತಿದ್ದೇನೆ.

ಸಿಂದಗಿಯಲ್ಲಿ ನಾವು ವಿಶ್ವಾಸಿಗಳು ಸೇರುವ ಪ್ರಾರ್ಥನಾ ಮಂದಿರವೆಂದರೆ ಒಂದು ಪತ್ರಾಸಿನ, ಅಂದರೆ ತಗಡಿನ, ಶೆಡ್ಡು. ಬೇಸಿಗೆಯಲ್ಲಿ ಒಳಗೆ ಕುಳಿತವರು ಹಪ್ಪಳವಾಗಬೇಕು. ನೆಲಕ್ಕೆ ಜಮಖಾನ ಹಾಸಿರುತ್ತದೆ. ಎಡಕ್ಕೆ ಗಂಡಸರು ಏಳೆಂಟು ಮಂದಿ, ಬಲಕ್ಕೆ ಹೆಂಗಸರು ಇಪ್ಪತ್ತು ಮಂದಿ. ತಿಂಗಳ ಮೊದಲ ಭಾನುವಾರ ಪ್ರಭುವಿನ ಭೋಜನ. ಪಾಸ್ಟರ್ ಹೆಂಡತಿ ಹುಳಿ ಹಾಕದ ಒಂದೇ ಒಂದು ದೊಡ್ಡ ಚಪಾತಿ ಮಾಡಿ ತರುತ್ತಾರೆ. ಪಾಸ್ಟರ್ ಅದನ್ನು ಮುರಿದು ಎಲ್ಲರಿಗೂ ಕೊಡುತ್ತಾರೆ. ದ್ರಾಕ್ಷಾರಸದ ಕೆಲಸ ನನ್ನದು. ಶನಿವಾರ ಒಂದು ಬೊಗಸೆ ಒಣದ್ರಾಕ್ಷಿ ತೊಳೆದು ನೆನೆಹಾಕುತ್ತೇನೆ, ಮರುದಿನ ಬೆಳಿಗ್ಗೆ ಕೈಯಿಂದ ಕಿವುಚಿ ಬಿಳಿ ಬಟ್ಟೆಯಲ್ಲಿ ಸೋಸುತ್ತೇನೆ. ಸರಿಯಾಗಿ ಎರಡು ವಾಟಗ ಆಗಬೇಕು. ಲೋಟಕ್ಕೆ ನಮ್ಮ ಕಡೆ ವಾಟಗ ಅನ್ನುತ್ತಾರೆ. ಗಂಡಸರ ಕಡೆಗೊಂದು, ಹೆಂಗಸರ ಕಡೆಗೊಂದು ಸ್ಟೀಲಿನ ವಾಟಗ, ಕೈಯಿಂದ ಕೈಗೆ ದಾಟುತ್ತ ಹೋಗುತ್ತಿತ್ತು. ಪ್ರಾರ್ಥನೆ ಮಾಡಿದ ರಸ ಉಳಿಯಬಾರದು, ಚೆಲ್ಲಬಾರದು ಎಂದು ಈ ಅಳತೆ ಇಟ್ಟವಳೂ ನಾನೇ.

ಈ ಭೋಜನದ ಅರ್ಥವೇನು ಎಂದು ಭಾನುವಾರ ಮಕ್ಕಳಿಗೆ ಕಲಿಸುವವಳೂ ನಾನೇ ಅನ್ನಿ. ಕೈಯಲ್ಲಿ ಚಪಾತಿ ಹಿಡಿದು ತೋರಿಸುತ್ತಿದ್ದೆ. ಸಾಯುವ ಹಿಂದಿನ ದಿನ ಯೇಸು ತನ್ನವರ ಜೊತೆ ಊಟಕ್ಕೆ ಕುಳಿತು ರೊಟ್ಟಿ ಮುರಿದ. ಅದು ಅವನ ದೇಹ, ಈ ರಸ ಅವನ ರಕ್ತ. ನಮಗಾಗಿ ತನ್ನನ್ನು ಕೊಟ್ಟುಕೊಂಡ ಎಂಬುದನ್ನು ನೆನಪಿಡಲು ತಿನ್ನುತ್ತೇವೆ, ಕುಡಿಯುತ್ತೇವೆ. ಒಂದು ರೊಟ್ಟಿಯಲ್ಲಿ ಪಾಲು ತೆಗೆದುಕೊಂಡವರು ಒಂದೇ ಮೈಯವರಾಗುತ್ತಾರೆ, ಆಮೇಲೆ ಮೇಲಿನ ಓಣಿ, ಕೆಳಗಿನ ಓಣಿ ಅನ್ನುವುದು ಇರುವುದಿಲ್ಲ. ಹೀಗೆ ಹೇಳುವಾಗ ಎಷ್ಟೋ ಸಲ ನನ್ನ ಕಣ್ಣೇ ತುಂಬಿ ಬರುತ್ತಿತ್ತು.

ಆದರೆ ನಾನು ಕೂಡುತ್ತಿದ್ದದ್ದು ಮೊದಲ ಸಾಲಿನಲ್ಲಿ, ಮೊದಲನೆಯ ಜಾಗದಲ್ಲಿ. ಒಂಬತ್ತು ವರ್ಷ ಬೇರೆಲ್ಲೂ ಕುಳಿತಿಲ್ಲ. ಹಿಂದೆ ಕುಳಿತರೆ ಕೇಳಿಸುವುದಿಲ್ಲ ಎಂದು ಎಲ್ಲರಿಗೂ ಹೇಳಿದ್ದೆ. ಸುಳ್ಳು. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಎಣಿಸುವ ಕಿವಿ ನನ್ನದು. ವಾಟಗ ಯಾರ ತುಟಿಗೂ ತಾಗುವ ಮೊದಲೇ ನನ್ನ ಕೈಗೆ ಬರಲಿ, ಇದೊಂದೇ ಕಾರಣ. ನಿರಾಳವಾಗಿ ಎರಡು ಗುಟುಕು ಕುಡಿದು, ಆಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದೆ.

ನನ್ನ ತವರು ಬಸವನ ಬಾಗೇವಾಡಿ ತಾಲೂಕಿನಲ್ಲಿ, ಮನಗೂಳಿಯ ಹತ್ತಿರ. ಗೌಡರ ಮನೆ, ಹೊಲ ಬೇಕಾದಷ್ಟು. ಹೊಲಕ್ಕೆ ಕೆಲಸಕ್ಕೆ ಬರುವವರ ಕಪ್ಪುಬಸಿಗಳು ಹೊರಗಿನ ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇರುತ್ತಿದ್ದವು. ಅವರವರೇ ತೊಳೆದು ಹಿಡಿಯಬೇಕು, ನಾನು ಮೇಲಿನಿಂದ ಚಹಾ ಸುರಿಯಬೇಕು. ಎಂಟೊಂಬತ್ತು ವರ್ಷದ ಹುಡುಗಿ ನಾನು. ತಾಗದಂತೆ ಸುರಿಯುವುದನ್ನು ನನಗೆ ಯಾರೂ ಕೂಡಿಸಿಕೊಂಡು ಕಲಿಸಲಿಲ್ಲ, ನೋಡಿ ನೋಡಿ ಬಂತು.

ಆ ಬಸಿ ಹಿಡಿಯುತ್ತಿದ್ದವರಲ್ಲಿ ಒಬ್ಬಳು ಕಳೆ ಕೀಳಲು ಬರುತ್ತಿದ್ದಳು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವಳು. ಮುಂದೆ ಅವಳು ಮಗಳ ಮನೆಗೆಂದು ಸಿಂದಗಿಗೆ ಬಂದಳು. ನಮ್ಮ ಯಜಮಾನರಿಗೆ ಲಿವರಿನ ರೋಗವಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದಾಗ ನನ್ನ ಬಂಧು ಬಳಗ ಹಣ್ಣು ಕೊಟ್ಟು ಹೋದರು. ದಿನಾ ಬಂದು ಮಂಚದ ಪಕ್ಕ ನೆಲದ ಮೇಲೆ ಕುಳಿತವಳು ಅವಳೊಬ್ಬಳೇ. ಕೂತು ಪ್ರಾರ್ಥನೆ ಮಾಡುತ್ತಿದ್ದಳು. ಯಜಮಾನರು ಎದ್ದು ಓಡಾಡಿದ ಮೇಲೆ ಅವಳೇ ನನ್ನನ್ನು ಈ ಶೆಡ್ಡಿಗೆ ಕರೆತಂದಳು. ಯಜಮಾನರು ಇಂದಿಗೂ ಬಸವಣ್ಣನ ಗುಡಿಗೆ ಹೋಗುತ್ತಾರೆ, ನಾನು ಇಲ್ಲಿಗೆ ಬರುತ್ತೇನೆ. ನಮ್ಮಿಬ್ಬರಿಗೂ ಅದರಲ್ಲಿ ತಕರಾರಿಲ್ಲ.

ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ಅವಳು ಮಾತ್ರ ನನ್ನನ್ನು "ಅಕ್ಕಾರ" ಎಂದೇ ಕರೆಯುತ್ತಿದ್ದಳು. ಸಭೆಯಲ್ಲಿ ಅವಳ ಜಾಗ ಎಲ್ಲರಿಗಿಂತ ಹಿಂದೆ, ಗೋಡೆಯ ಹತ್ತಿರ. ಅವಳಿಗೆ ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೇನೋ ಎಂದುಕೊಂಡಿದ್ದೆ.

ಕೊರೊನಾ ಮುಗಿದ ಮೇಲೆ ಪಾಸ್ಟರ್ ಹೆಂಡತಿ ವಿಜಯಪುರದ ಒಂದು ದೊಡ್ಡ ಸಭೆಗೆ ಹೋಗಿ ಬಂದರು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಪ್ಲಾಸ್ಟಿಕ್ ಕಪ್ಪು ಕೊಡುತ್ತಾರಂತೆ. ನಾವೂ ತರಿಸೋಣವೇ ಎಂದು ಆರಾಧನೆ ಮುಗಿದ ಮೇಲೆ ಪಾಸ್ಟರ್ ಕೇಳಿದರು. ಯಾರೂ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. ಕ್ರಿಮಿ, ಎಂಜಲು, ವಯಸ್ಸಾದವರ ಕೆಮ್ಮು, ಹತ್ತು ನಿಮಿಷ ಭಾಷಣ ಬಿಗಿದೆ. ಬರುವ ತಿಂಗಳು ಒಂದು ಸಲ ವಾಟಗ, ಅದರ ಮುಂದಿನ ತಿಂಗಳಿಂದ ಕಪ್ಪು ಎಂದು ತೀರ್ಮಾನವಾಯಿತು. ದೊಡ್ಡ ಭಾರ ಇಳಿದಂತಾಯಿತು ನನಗೆ.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಆಯಿ ನನ್ನ ಪಕ್ಕ ಬಂದು ನಿಂತಳು.

"ಚಲೋ ಮಾಡಿದ್ರಿ ಅಕ್ಕಾರ," ಅಂದಳು. "ಇನ್ನ ಮ್ಯಾಲ ನಾನೂ ಮುಂದ ಕುಂದರತೇನಿ. ನನಗ ಕಿವಿ ಕೇಳ್ಸೂದಿಲ್ಲ ನೋಡ್ರಿ. ಪಾಸ್ಟರ್ ಏನ ಹೇಳ್ತಾರ ಒಂದೂ ತಿಳಿಯೂದಿಲ್ಲ."

ಚುಚ್ಚಲು ಆಡಿದ ಮಾತಲ್ಲ ಅದು. ಮುಖದಲ್ಲಿ ನಿಜವಾದ ಸಂತೋಷವಿತ್ತು. ಅದಕ್ಕೇ ನನ್ನ ಮೈಯೆಲ್ಲ ಉರಿಯಿತು. ಅಯ್ಯ ದೇವರೇ, ನಾನು ಮುಂದೆ ಕೂಡುವುದು ಯಾಕೆಂದು ಇವಳಿಗೆ ಗೊತ್ತಿತ್ತು! "ಯಾಕ, ಇಷ್ಟ ದಿನಾ ಯಾರರೆ ಬ್ಯಾಡ ಅಂದಿದ್ರ?" ಎಂದು ರೇಗಿದೆ. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಬಿಸಿಲಿನಲ್ಲಿ ನಡೆದು ಹೋದಳು.

ಮನೆಗೆ ಬಂದವಳೇ ಪಾತ್ರೆಗಳ ಜೊತೆ ಜಗಳಕ್ಕೆ ನಿಂತೆ. ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ನಿಂತು ಏನಾಯಿತೆಂದು ಕೇಳಿದರು. ಹೇಳಿದೆ. ನಾನು ಯಾಕೆ ಮುಂದೆ ಕೂಡುತ್ತೇನೆ ಎಂಬುದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಆ ಮುದುಕಿಗೆ ಎಷ್ಟು ಸೊಕ್ಕು ನೋಡಿರಿ ಎಂದೆ.

"ಆಕಿ ನಿನ್ನ ಹೆಸರ ತಗದಳೇನು?"

"ಇಲ್ಲ."

"ಮತ್ತ್ಯಾಕ ಹೆಗಲ ಮುಟ್ಟಿ ನೋಡ್ಕೊಳ್ಳಾಕತ್ತೀದಿ, ಕುಂಬಳಕಾಯಿ ಕಳ್ಳನಂಗ?" ಅಂದರು. ನಾನು ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುವುದನ್ನು ಕಂಡು ಅವರ ನಗು ನಿಂತಿತು. "ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ. ಹಂಗ ಆಗೈತಿ ನಿಂದು," ಎಂದು ಮೆಲ್ಲಗೆ ಹೇಳಿ ಹೊರಗೆ ಹೋದರು. ನಲವತ್ತು ವರ್ಷ ಜೊತೆಗಿದ್ದವರಿಗೆ ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ.

ಆ ತಿಂಗಳು ನನಗೆ ಸರಿಯಾಗಿ ಊಟ ಸೇರಲಿಲ್ಲ. ಕಪ್ಪು ಬಂದುಬಿಟ್ಟರೆ ನಾನು ಗೆದ್ದಂತೆ. ಯಾರೂ ಎಂದೂ ಏನೂ ಕೇಳುವುದಿಲ್ಲ. ನನ್ನ ಗಂಡನ ಮಂಚದ ಪಕ್ಕ ಕುಳಿತವಳ ಎಂಜಲಿಗೆ ಹೇಸಿಕೊಂಡೇ ನಾನು ಸಾಯಬಹುದು, ದೊಡ್ಡ ಭಕ್ತೆ ಎಂದು ಹಾಡಿ ಹೂಳುತ್ತಾರೆ. ನನಗಾಗಿ ರಕ್ತ ಕೊಟ್ಟವನ ಎದುರು ಅದೇ ಹೇಸಿಗೆ ಹೊತ್ತುಕೊಂಡು ನಿಲ್ಲಬೇಕಾಗುತ್ತದೆ ಎಂದು ಯೋಚಿಸಿದಾಗ ಮಾತ್ರ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದೆ. ವಾಟಗ ಬರುವುದು ಇನ್ನೊಂದೇ ಸಲ. ಆಗ ಆಗದಿದ್ದರೆ ಇನ್ನೆಂದೂ ಆಗದು.

ಆ ಭಾನುವಾರ ರಸ ಸೋಸಿ ಪಾಸ್ಟರ್ ಕೈಗೆ ಕೊಟ್ಟು, ನೇರವಾಗಿ ಹಿಂದೆ ಹೋದೆ. ಆಯಿ ಮತ್ತು ಗೋಡೆಯ ನಡುವೆ ಒಂದು ಗೇಣು ಜಾಗವಿತ್ತು. "ಸರೀ ಸ್ವಲ್ಪ" ಎಂದು ಅದರಲ್ಲೇ ತೂರಿಕೊಂಡು ಕುಳಿತೆ. ಮುಂದಿನ ಸಾಲಿನವರೆಲ್ಲ ಕತ್ತು ತಿರುಗಿಸಿ ನೋಡಿದರು. ಆಯಿಗಂತೂ ಗಾಬರಿ.

"ಯಾಕ್ರಿ ಅಕ್ಕಾರ, ಇಲ್ಲ್ಯಾಕ ಬಂದ್ರಿ? ಮುಂದ ಹೋಗ್ರಿ."

"ಇವತ್ತ ಇಲ್ಲೇ ಕುಂದರತೇನಿ."

"ಬ್ಯಾಡ್ರಿ," ಎಂದು ನನ್ನ ಮೊಣಕೈ ಹಿಡಿದಳು. ಕಿವಿ ಮಂದವಾದವಳು ಪಿಸುಗುಟ್ಟಿದರೂ ಅರ್ಧ ಸಭೆಗೆ ಕೇಳುತ್ತದೆ. "ನಿಮಗ ಸೇರೂದಿಲ್ಲ, ನನಗ ಗೊತ್ತೈತಿ. ಇದರ ಸಲುವಾಗಿ ನೀವು ಬರೂದ ಬಿಟ್ಟೀರಿ ಅಂತ ಅಂಜಿಕಿ ನನಗ. ಅದಕ್ಕ ನಾ ಹಿಂದ ಕುಂದರತೇನಿ. ನೀವು ಮದ್ಲ ತಗೋರಿ, ನಾ ಕಡೀಕ ತಗೊಂತೇನಿ. ಏನ ಆಗೂದೈತಿ?"

ಒಂಬತ್ತು ವರ್ಷ ಅವಳು ಪಾಸ್ಟರ್ ಮಾತು ಕೇಳಿಸಿಕೊಂಡಿರಲಿಲ್ಲ, ನಾನು ಸಭೆ ಬಿಟ್ಟು ಹೋಗಬಾರದೆಂದು. ಅವಳ ಕೈಯನ್ನು ಹಿಡಿದುಕೊಂಡು ಕುಳಿತುಬಿಟ್ಟೆ.

ಚಪಾತಿಯ ತುಂಡು ಬಂತು, ತಿಂದೆವು. ಆಮೇಲೆ ವಾಟಗ ಮುಂದಿನ ಸಾಲಿನಿಂದ ಹೊರಟಿತು. ಇಪ್ಪತ್ತು ಮಂದಿಯ ಬಾಯಿ ದಾಟಿ ಬರಬೇಕು ಅದು. ಸುಳ್ಳು ಯಾಕೆ ಹೇಳಲಿ? ಯಾವ ಬದಲಾವಣೆಯೂ ಆಗಿರಲಿಲ್ಲ ನನಗೆ. ಹಳೆಯ ಹೇಸಿಗೆ ಹಾಗೇ ಕುಳಿತಿತ್ತು.

ಆಯಿ ವಾಟಗ ತೆಗೆದುಕೊಂಡು ತುಟಿಗೆ ಇಟ್ಟಳು. ಕತ್ತು ಹಿಂದಕ್ಕೆ ಬಾಗಿಸಿ ಪೂರ್ತಿ ಎತ್ತಿದಳು. ಕಣ್ಣು ಮುಚ್ಚಿತ್ತು. ಆಮೇಲೆ ಹಿಂಜರಿಯುತ್ತ ನನ್ನ ಕೈಗೆ ಕೊಟ್ಟಳು. ಒಳಗೆ ನೋಡಿದೆ. ಏನೂ ಇರಲಿಲ್ಲ. ತಳದಲ್ಲಿ ಕಂದು ಬಣ್ಣದ ಒಂದು ಕಲೆ ಮಾತ್ರ.

"ಖಾಲಿ ಐತಲ್ಲ ಆಯಿ?"

"ಹೌದ್ರಿ. ಇಲ್ಲಿ ಮಟಾ ಬರೂದಿಲ್ಲ ಅದು."

"ಇವತ್ತೊಂದ ದಿನಾ?"

"ಯಾವಾಗ್ಲೂ ಹಿಂಗ," ಅಂದಳು, ನನಗೇ ಸಮಾಧಾನ ಹೇಳುವಂತೆ. "ತುಟಿಗಿ ಹಚ್ಚಿದ್ರ ಮುಗೀತ್ರಿ. ದೇವರು ತಿಳಕೊಂತಾನ."

ಒಣದ್ರಾಕ್ಷಿ ಅಳೆದವಳು ನಾನು. ಇಷ್ಟು ವರ್ಷ ಮೊದಲಿಗೇ ಎರಡು ಗುಟುಕು ಕುಡಿದವಳು ನಾನು. ನನ್ನ ಆಚೆ ಇನ್ನು ಯಾರೂ ಇರಲಿಲ್ಲ, ಗೋಡೆ ಇತ್ತು. ಪಾಸ್ಟರ್ ವಾಟಗ ತಿರುಗಿ ಬರಲೆಂದು ಮುಂದೆ ಕಾಯುತ್ತಿದ್ದರು. ಅಂಚಿನ ಮೇಲೆ ಆಯಿಯ ತುಟಿ ತಾಗಿದ ಜಾಗ ಇನ್ನೂ ಹಸಿಯಾಗಿತ್ತು. ಆ ದಿನ ಆ ವಾಟಗದಲ್ಲಿ ನನಗೆ ಸಿಗುವಂಥದ್ದು ಅದೊಂದೇ ಇತ್ತು. ಅಲ್ಲೇ ತುಟಿ ಇಟ್ಟು ನಾನು ಅದನ್ನು ತೆಗೆದುಕೊಂಡೆ.