ಮಾಂತೇಶನ ಪಾದದ ಅಳತೆ

ನಮ್ಮ ನಾಕಾದಲ್ಲಿ, ಮೂರು ರಸ್ತೆ ಸೇರುವ ಕಡೆ, ಇವತ್ತಿಗೂ ಒಂದು ಬ್ಯಾನರ್ ನೇತಾಡುತ್ತಿದೆ. ‘ಗೋವಾದ ಹೆಮ್ಮೆಯ ಪುತ್ರ ಕ್ಯಾಪ್ಟನ್ ಡಾಕ್ಟರ್ ಮಾಂತೇಶ’ ಎಂದು ಬರೆಸಿದ್ದಾರೆ. ಮಾಂತೇಶನ ಫೋಟೊ ಅಂಗೈಯಷ್ಟು, ಪಕ್ಕದಲ್ಲಿ ಕೈಮುಗಿದು ನಿಂತ ನಮ್ಮ ವಾರ್ಡಿನ ಮುಖಂಡನ ಫೋಟೊ ಬಾಗಿಲಿನಷ್ಟು. ಅದರ ಕೆಳಗೆ ಟೆಂಪೊ ನಿಲ್ಲಿಸುವಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಹೆಮ್ಮೆಯ ಪುತ್ರನಂತೆ! ಆ ಪುತ್ರ ಸತ್ತು ಬಂದಾಗ ಅವನನ್ನು ಮಣ್ಣು ಮಾಡಲು ಇವರಿಗೆ ಒಂದು ಕುಣಿಯಷ್ಟು ಜಾಗ ಸಿಗಲಿಲ್ಲ.

ನಾನು ದಸ್ತಗೀರ. ಮಾಂತೇಶ ಹುಟ್ಟಿದ್ದು ನನ್ನ ಮನೆಯ ಗೋಡೆಯ ಆಚೆ ಬದಿಗೆ. ಅವನಪ್ಪ ಗಂಗಪ್ಪ ಇಂಡಿ ಕಡೆಯವನು, ಮುರ್ಮುಗಾಂವ್ ಬಂದರಿನಲ್ಲಿ ಹಮಾಲಿ ಮಾಡಿ ಬೆನ್ನು ಮುರಿದುಕೊಂಡವನು. ಅವ್ವ ಬಾಳಮ್ಮ ಫ್ಲ್ಯಾಟುಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಈಗಲೂ ತಿಕ್ಕುತ್ತಾಳೆ. ಈ ಗುಡ್ಡದ ಮೇಲಿನ ತಗಡಿನ ಮನೆಯಿಂದ ಓದಿ ಓದಿ, ಪುಣೆಯ ಮಿಲಿಟರಿ ಕಾಲೇಜಿಗೆ ಹೋಗಿ, ಹುಡುಗ ಡಾಕ್ಟರನಾದ. ಅವನು ಮೊದಲ ಸಲ ಯೂನಿಫಾರ್ಮಿನಲ್ಲಿ ಬಂದ ದಿನ ನನ್ನ ಹೆಂಡತಿ ಅಮೀರಬಿ ಇಡೀ ಚಾಳಿಗೆ ಶೀರಾ ಹಂಚಿದಳು.

ಘಟ್ಟದ ಮೇಲಿಂದ ಬಂದವರೆಂದು ಇಲ್ಲಿ ನಮಗೆ ‘ಘಾಟಿ’ ಅನ್ನುತ್ತಾರೆ. ಅನ್ನುವ ರೀತಿಯಲ್ಲೇ ಅದು ಬೈಗುಳ ಅಂತ ಗೊತ್ತಾಗುತ್ತದೆ. ನಾನು ಸಿಟ್ಟಿಗೇಳುತ್ತಿದ್ದೆ, ಮಾಂತೇಶ ನಗುತ್ತಿದ್ದ.

“ಕಾಕಾ, ಘಾಟಿಗೂ ಗೋವಾದವ್ರಿಗೂ ಬಿ.ಪಿ. ಒಂದ ಮಿಷಿನ್‌ನಾಗ ನೋಡೋದು. ನಿಂದು ಈಗ ಏರೇತಿ, ಸುಮ್ಮ ಕುಂದರು,” ಅನ್ನುತ್ತಿದ್ದ.

ರಜೆಗೆ ಬಂದರೆ ಅವನಿಗೆ ರಜೆಯೇ ಇರುತ್ತಿರಲಿಲ್ಲ. ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರೆ ಊಟದ ಹೊತ್ತಿನವರೆಗೆ ಜನ. ಮುಖಂಡನ ತಾಯಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಮಾಂತೇಶ ದಿನಾ ಅವರ ಮನೆಗೆ ಹೋಗಿ ಹುಣ್ಣು ತೊಳೆದು ಪಟ್ಟಿ ಕಟ್ಟಿದ. ಹುಣ್ಣು ಮಾಯಿತು. ಆಗ ಆ ಮುಖಂಡ ಅವನ ಹೆಗಲ ಮೇಲೆ ಕೈಹಾಕಿ, ‘ಆಮ್ಚೊ ದೋತೊರ್, ನಮ್ಮ ಡಾಕ್ಟರ್’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಕೊನೆಯ ಸಲ ರಜೆ ಮುಗಿಯುವ ಮೊದಲೇ ಕರೆ ಬಂತು. ಗಡಿಯಲ್ಲಿ ಯುದ್ಧ ಶುರುವಾಗಿತ್ತು. ಅವಸರದಲ್ಲಿ ಬೂಟು ಹಾಕಿಕೊಂಡು ಹೊರಟ, ಹವಾಯಿ ಚಪ್ಪಲಿ ಬಾಗಿಲಲ್ಲೇ ಉಳಿಯಿತು. ಡಬೋಲಿ ವಿಮಾನ ನಿಲ್ದಾಣಕ್ಕೆ ನನ್ನ ಟೆಂಪೊದಲ್ಲೇ ಬಿಟ್ಟುಬಂದೆ.

ಟಿವಿಯಲ್ಲಿ ಒಬ್ಬೊಬ್ಬರೂ ಗಂಟಲು ಹರಿಯುವಂತೆ ಯುದ್ಧ ಬೇಕು, ಯುದ್ಧ ಬೇಕು ಅಂತ ಕಿರುಚುತ್ತಿದ್ದರು. ಕಿರುಚಿದವರ ಮಕ್ಕಳು ಅಲ್ಲಿದ್ದರೇನು? ಅಲ್ಲಿದ್ದವನು ಹಮಾಲಿ ಗಂಗಪ್ಪನ ಮಗ. ಸೈನಿಕರಿಗೆ ಸಾಮಾನು ಹೊರುವ ಒಬ್ಬ ಕೂಲಿಯವನು ಶೆಲ್ ಬಿದ್ದು ದಾರಿಯಲ್ಲಿ ನರಳುತ್ತಿದ್ದನಂತೆ. ದಾಳಿ ನಿಲ್ಲುವ ತನಕ ಕಾಯಿರಿ ಅಂದರೂ ಮಾಂತೇಶ ಕಾಯಲಿಲ್ಲ. ಓಡಿಹೋಗಿ ಅವನ ತೊಡೆಗೆ ಬಿಗಿಯಾಗಿ ಪಟ್ಟಿ ಕಟ್ಟಿದ. ಎರಡನೆಯ ಶೆಲ್ ಅಲ್ಲೇ ಬಿತ್ತು. ಕೂಲಿಯವನು ಉಳಿದ, ನಮ್ಮ ಹುಡುಗ ಹೋದ. ಇದನ್ನು ಅವನ ಕರ್ನಲ್ ಫೋನಿನಲ್ಲಿ ಹೇಳುವಾಗ ಗಂಗಪ್ಪ “ಹ್ಞೂಂ ಸಾಹೇಬ್ರ, ಹ್ಞೂಂ ಸಾಹೇಬ್ರ” ಅನ್ನುತ್ತಲೇ ಇದ್ದ.

ಗಂಗಪ್ಪನವರು ಲಿಂಗಾಯತರು. ಅವರು ಸುಡುವುದಿಲ್ಲ. ಸತ್ತವರ ಅಂಗೈಯಲ್ಲಿ ಲಿಂಗವಿಟ್ಟು, ಮೈಗೆ ವಿಭೂತಿ ಹಚ್ಚಿ, ಕುಣಿಯೊಳಗೆ ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಇಷ್ಟು ಪಾದ ಉದ್ದ, ಇಷ್ಟು ಪಾದ ಅಗಲ ಎಂದು ಕುಣಿಯನ್ನು ಸತ್ತವರ ಪಾದದಿಂದಲೇ ಅಳೆಯಬೇಕು. ಮಾಂತೇಶ ಇನ್ನೂ ಬಂದಿರಲಿಲ್ಲವಲ್ಲ, ಬಾಳಮ್ಮ ಬಾಗಿಲಲ್ಲಿದ್ದ ಆ ಚಪ್ಪಲಿ ತಂದಳು. ಚಾಳಿನ ಹಿಂದಿನ ಪಾಳು ಗುಡ್ಡದಲ್ಲಿ ಚಪ್ಪಲಿಯಿಟ್ಟು ಅಳೆದು ನಾವೇ ಅಗೆದೆವು. ಕೆಂಪು ಕಲ್ಲು, ಗುದ್ದಲಿ ಚಿಮ್ಮುತ್ತಿತ್ತು. ಊರಲ್ಲಾದರೆ ಅವರವರ ಹೊಲದಲ್ಲೇ ಕುಣಿ ತೆಗೆಯುತ್ತಾರೆ, ಯಾರನ್ನೂ ಕೇಳುವುದಿಲ್ಲ. ಇಲ್ಲಿ ಅವರಿಗೆ ಹೂಳುವ ಜಾಗವೇ ಇಲ್ಲ, ಅದೇ ರೂಢಿಯಲ್ಲಿ ಇಲ್ಲಿಯೂ ತೆಗೆದೆವು. ದೇಶಕ್ಕಾಗಿ ಸತ್ತವನಿಗೆ ಯಾರು ಅಡ್ಡ ಬರುತ್ತಾರೆ ಅಂದುಕೊಂಡೆವು. ಎಂಥ ಮಳ್ಳರು ನಾವು!

ಸಂಜೆಯೊಳಗೆ ಮುಖಂಡ ಬಂದ. ಮೊದಲು ಕಣ್ಣೊರೆಸಿಕೊಂಡ, ಆಮೇಲೆ ಹಿಂದಿಯಲ್ಲಿ ಶುರು ಮಾಡಿದ. ಸ್ಮಶಾನವಿದೆ, ಚಂದನದ ಕಟ್ಟಿಗೆ ತಾನೇ ತರಿಸುತ್ತೇನೆ, ದೊಡ್ಡವರೆಲ್ಲ ಬರುತ್ತಾರೆ, ಸುಟ್ಟುಬಿಡಿ ಅಂದ. ಇಲ್ಲಿ ಹೂಳಿದರೆ ನಾಳೆ ನಿಮ್ಮವರು ಗದ್ದುಗೆ ಕಟ್ಟುತ್ತಾರೆ, ನಾಡಿದ್ದು ಗುಡ್ಡವೇ ನಮ್ಮದು ಅನ್ನುತ್ತಾರೆ ಅಂತಲೂ ಅಂದ. ಹೆಣ ಇನ್ನೂ ದಾರಿಯಲ್ಲಿತ್ತು, ಇವನಿಗೆ ಜಾಗದ ಚಿಂತೆ. ಬಾಯಲ್ಲಿ ಮಣ್ಣು ಬೀಳಲಿ ಅವನ!

ಬಾಳಮ್ಮ ಅವನೆದುರು ಬಂದು ಸೆರಗೊಡ್ಡಿದಳು. “ಸುಡಬ್ಯಾಡ್ರಿ ಸಾಹೇಬ್ರ. ನನ್ನ ಮಗಾ ಬೆಂಕ್ಯಾಗ ಹೋಗಿ ಸತ್ತಾನ. ಮತ್ತ ಅವನ್ನ ಬೆಂಕಿಗಿ ಕೊಡಾಕ ನನ್ನ ಕೈಲಿಂದ ಆಗಾಂಗಿಲ್ಲ. ಇಲ್ಲೆ ಕುಂದರಸ್ತೀವಿ. ದಿನಾ ಕೆಲಸಕ್ಕ ಹೋಗೂ ಮುಂದ ಒಂದ ತಂಬಿಗಿ ನೀರ ಹಾಕಿ ಹೋಗ್ತೇನಿ, ಅಷ್ಟ ಸಾಕು.”

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಅವನು ಕೈಮುಗಿದು ಕಾರು ಹತ್ತಿದ. ಬೆಳಗ್ಗೆ ಜೆಸಿಬಿ ಬಂತು, ಜೊತೆಗೆ ಪೊಲೀಸರು. ನಮ್ಮ ಕಣ್ಣೆದುರೇ ಕುಣಿ ಮುಚ್ಚಿದರು. ಮೇಲೆ ಗಾಲಿ ಓಡಿಸಿ ನೆಲ ಸಮ ಮಾಡಿದರು. ನಾನು ಅಡ್ಡ ಹೋಗಿ ಲಾಠಿ ಏಟು ತಿಂದೆ.

ಮಧ್ಯಾಹ್ನ ತ್ರಿವರ್ಣ ಹೊದ್ದ ಪೆಟ್ಟಿಗೆ ಬಂತು. ಮುಖಂಡ ಎಲ್ಲರಿಗಿಂತ ಮುಂದೆ ನಿಂತು ದೊಡ್ಡ ಹಾರ ಹಾಕಿದ, ಕ್ಯಾಮೆರಾಗಳತ್ತ ತಿರುಗಿ ಅತ್ತ. ಎಲ್ಲಿ ಮಣ್ಣು ಮಾಡುವುದು ಎಂದು ಮಿಲಿಟರಿಯವರು ಕೇಳಿದಾಗ ಮಾತ್ರ ಅವನು ಅಲ್ಲಿರಲಿಲ್ಲ. ಕೊನೆಗೆ ಪೆಟ್ಟಿಗೆಯನ್ನು ಇಂಡಿಗೆ ಒಯ್ದೆವು. ಮಾಂತೇಶ ಈಗ ದೊಡ್ಡಪ್ಪನ ಹೊಲದಲ್ಲಿ ಕೂತಿದ್ದಾನೆ. ಆ ಹೊಲವನ್ನು ಅವನು ಬದುಕಿದ್ದಾಗ ಸರಿಯಾಗಿ ನೋಡಿಯೂ ಇರಲಿಲ್ಲ. ಬಾಳಮ್ಮನಿಗೆ ಮಗನ ಹತ್ತಿರ ಹೋಗಬೇಕೆಂದರೆ ಕೆಲಸದ ಮನೆಯವರ ಹತ್ತಿರ ರಜೆ ಬೇಡಬೇಕು. ಅವರು ಕೊಡುವುದಿಲ್ಲ.

ಮಳೆಗಾಲ ಕಳೆಯಿತು. ಚುನಾವಣೆ ಹತ್ತಿರ ಬಂದಾಗ ಮುಖಂಡನಿಗೆ ಮಾಂತೇಶ ಮತ್ತೆ ನೆನಪಾದ. ಅದೇ ಗುಡ್ಡದ ಮೇಲೆ, ರಸ್ತೆಗೆ ಕಾಣುವಂತೆ, ಅವನ ಪುತ್ಥಳಿ ಕೂರಿಸುತ್ತಾರಂತೆ! ಭೂಮಿಪೂಜೆಗೆ ವೀರಮಾತೆಯೇ ಬರಬೇಕು ಅಂತ ಕಾರು ಕಳಿಸಿದ. ನಾನು ಹೋಗಬೇಡ ಅಂದೆ. ಬಾಳಮ್ಮ ಕೇಳಲಿಲ್ಲ, ಕಾರೂ ಹತ್ತಲಿಲ್ಲ. ಸೆರಗಿನೊಳಗೆ ಏನನ್ನೋ ಅವುಚಿಕೊಂಡು ಗಂಗಪ್ಪನ ಜೊತೆ ನಡೆದೇ ಹೊರಟಳು, ನಾನೂ ಹಿಂದೆ ಹೋದೆ.

ಶಾಮಿಯಾನ, ಮೈಕು, ಕುರ್ಚಿಗಳು. ನಡುವೆ ಕಟ್ಟೆಗೆಂದು ತೆಗೆದ ಗುಂಡಿ. ಮುಖಂಡ ಅವಳ ಕೈಗೆ ತೆಂಗಿನಕಾಯಿ ಕೊಟ್ಟ. ಅವಳು ಅದನ್ನು ಪಕ್ಕಕ್ಕಿಟ್ಟು, ಸೀರೆ ಎತ್ತಿ ಕಟ್ಟಿ, ಗುಂಡಿಗಿಳಿದಳು. ಸೆರಗಿನಿಂದ ಮಾಂತೇಶನ ಹವಾಯಿ ಚಪ್ಪಲಿ ತೆಗೆದು ನೆಲಕ್ಕಿಟ್ಟು, ಒಂದರ ಮುಂದೊಂದು ಸರಿಸುತ್ತ ಈ ಅಂಚಿನಿಂದ ಆ ಅಂಚಿಗೆ ಅಳೆದಳು.

“ಒಂದ ಪಾದ ಹೆಚ್ಚ ಐತ್ರಿ ಸಾಹೇಬ್ರ,” ಅಂದಳು ಬಾಳಮ್ಮ, ಗುಂಡಿಯೊಳಗಿಂದಲೇ. “ನನ್ನ ಮಗಾ ಇದರಾಗ ಕುಂತು ಇನ್ನೂ ಜಾಗಾ ಉಳೀತಿತ್ತು.”

ಮುಖಂಡ ಕೈಚಾಚಿ ಮೇಲೆ ಬಾ ಅಂದ. ಅವಳು ತಾನೇ ಹತ್ತಿ ಬಂದಳು.

“ಅವತ್ತ ಮುಚ್ಚಿದ್ರಲ್ಲ? ಇದನ್ನೂ ಮುಚ್ಚರಿ.”

ಆಗ ಗಂಗಪ್ಪ ಹೋಗಿ ಅಲ್ಲಿದ್ದ ಸಲಿಕೆ ತೆಗೆದುಕೊಂಡು ಮಣ್ಣು ಎಳೆಯತೊಡಗಿದ. ನಾನೂ ಒಂದು ಸಲಿಕೆ ತೆಗೆದುಕೊಂಡೆ.