ಓಡಿ ಬಾ ಎಂದು ಕೂಗಿದ್ದು

ಮಗಳು ಪುಸ್ತಕದಲ್ಲಿ ಒಂದು ಚುಕ್ಕಿ ಇಟ್ಟು, ಅದರ ಸುತ್ತ ವೃತ್ತಗಳನ್ನು ಎಳೆಯುತ್ತಿದ್ದಳು. "ಈ ಚುಕ್ಕೀಲಿ ಕರೆಂಟ್ ಐತೆ ಕಣಪ್ಪ. ದೂರ ಹೋದಂಗೆ ಕಮ್ಮಿ ಆಯ್ತದೆ. ಎರಡು ಕಾಲು ಬೇರೆ ಬೇರೆ ವೃತ್ತದಲ್ಲಿದ್ರೆ ಶಾಕ್ ಹೊಡೀತದೆ," ಎಂದಳು.

ನಾನು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡೆ.

ವರ್ಷಗಳ ಹಿಂದೆ ಒಂದು ದಿನ ನಮ್ಮ ತೋಟದಲ್ಲಿ ತೆಂಗಿನ ಗರಿ ಬಿದ್ದು, ಕರೆಂಟ್ ತಂತಿ ಹರಿದು ಒದ್ದೆ ಪಾತಿಗೆ ಬಿದ್ದಿತ್ತು. ಹಸು ಅಲ್ಲೇ ಸತ್ತಿತು. ಕೋಳಿ ಮಾತ್ರ ಕೆದಕುತ್ತಲೇ ಇತ್ತು. ಪಕ್ಕದಲ್ಲಿದ್ದ ಅಕ್ಕ ಕಾಲು ಜೋಡಿಸಿ ನಿಂತುಬಿಟ್ಟಳು.

"ಏನ್ ಮಾಡ್ಲಿ ಹೇಳ್ಲಾ?"

"ಓಡಿ ಬಾರಕ್ಕಾ!" ಎಂದು ಬದುವಿನಿಂದ ಕೂಗಿದೆ.

ಎರಡನೇ ಹೆಜ್ಜೆಗೆ ಬಿದ್ದವಳು ಏಳಲಿಲ್ಲ. ತಂತಿ ತುಳಿದಳೆಂದೇ ಇದುವರೆಗೆ ಎಲ್ಲರೂ ನಂಬಿದ್ದೆವು.

"ಹಂಗಾದ್ರೆ ಹೆಂಗೆ ಬರಬೇಕು?" ಎಂದು ಮಗಳನ್ನು ಕೇಳಿದೆ.

"ಓಡ್ಬಾರ್ದು. ಒಂಟಿ ಕಾಲಲ್ಲಿ ಕುಂಟ್ಕೊಂಡು ಬರಬೇಕು."

ಕುಂಟಾಬಿಲ್ಲೆಯಲ್ಲಿ ಅಕ್ಕನನ್ನು ಸೋಲಿಸುವವರು ನಮ್ಮೂರಲ್ಲೇ ಇರಲಿಲ್ಲ.